ವಿಮಾನದ ರೆಕ್ಕಿಗೆ ಕಟ್ಟಿದ ಫ್ಲ್ಯಾಶು

ನಾ ಫ್ಲ್ಯಾಶ್ ಹಿಡಕೊಂಡು ಎಲ್ಲಿ ಹೋದ್ರೂ ಅಲ್ಲೊಂದು ಫಜೀತಿ ನನಗಿಂತ ಮೊದ್ಲ ಹೋಗಿ ಕುಂತಿರತೈತಿ. ಇದು ಇವತ್ತಿನ ಮಾತಲ್ಲ. ಒಮ್ಮೆ ಕಿತ್ತೂರಾಗ ಒಂದು ಲಗ್ನದಾಗ ಅಕ್ಕಿಕಾಳು ಬೀಳೂ ಹೊತ್ತಿಗೆ ಸರಿಯಾಗಿ ನನ್ನ ಫ್ಲ್ಯಾಶ್ ಹೊತ್ತಲಿಲ್ಲ. ಮದುಮಗನ ಕಾಕಾ ಎಲ್ಲಾರನ್ನೂ ತಡದು, ತಾಳಿ ಬಿಚ್ಚಸಿ, ಇನ್ನೊಮ್ಮೆ ಕಟ್ಟಿಸಿದ್ರು. ಅಯ್ಯನೋರು ಇನ್ನೊಮ್ಮೆ ಮಂತ್ರ ಹೇಳೂದಿಲ್ಲ ಅಂತ ಸಿಟ್ಟಾಗಿ ಎದ್ದು ಹ್ವಾದ್ರು, ಬ್ಯಾಂಡಿನವ್ರು ಮಾತ್ರ ಖುಷಿಲೆ ಇನ್ನೊಮ್ಮೆ ಊದಿದ್ರು.

ಬೈಲಹೊಂಗಲ ಬಜಾರದಾಗ ಮೂವತ್ತೈದು ವರ್ಷ ಫೋಟೋ ಸ್ಟುಡಿಯೋ ನಡಿಸೇನಿ. ಈಗ ಎಲ್ಲಾರ ಕೈಯಾಗೂ ಮೊಬೈಲ್ ಬಂದು, ನನ್ನ ಕ್ಯಾಮೆರಾ ಇದ್ದ ಜಾಗಾದಾಗ ಜೆರಾಕ್ಸ್ ಮಷಿನ್ ಕುಂತೈತಿ. ಫ್ಲ್ಯಾಶ್ ಗನ್ ಎಲ್ಲಾ ಟ್ರಂಕಿನ್ಯಾಗ ಹಾಕಿ ಮ್ಯಾಲೆ ಒಂದು ಹಳೇ ಚಾದರ ಹೊಚ್ಚಿದ್ನಿ. ಇನ್ನ ನನ್ನ ಫಜೀತಿ ಮುಗದ್ವು ಅಂತ ತಿಳಕೊಂಡಿದ್ನಿ. ಅಷ್ಟರಾಗ ಆ ಫ್ಲ್ಯಾಶ್ ಒಂದು ವಿಮಾನಕ್ಕ ಬೇಕಾತು. ನಗಬ್ಯಾಡ್ರಿ, ಮೊದ್ಲ ಪೂರಾ ಕೇಳ್ರಿ.

೧. ಫೋಟೋ ಬ್ಯಾಡ

ಒಂದಿನ ಮಧ್ಯಾಹ್ನ ಜೆರಾಕ್ಸ್ ಮಷಿನ್‌ನ್ಯಾಗ ಹಾಳಿ ಸಿಕ್ಕೊಂಡಿತ್ತು, ಅದನ್ನ ಜಗ್ಗಾಕತ್ತಿದ್ನಿ. ಬಾಗಲದಾಗ ಮಾಸ್ತರ್ ಬಂದು ನಿಂತ್ರು. ಮಾಸ್ತರ್ ಅಂದ್ರ ನಮ್ಮ ಕಡೆ ಎಲ್ಲಾರಿಗೂ ಗೊತ್ತು. ಮೊದ್ಲ ವಾಯುಪಡೆಯಾಗ ವಿಮಾನ ರಿಪೇರಿ ಮಾಡತಿದ್ರು, ಆಮ್ಯಾಲೆ ಐಟಿಐದಾಗ ಫಿಟ್ಟರ್ ಕೆಲಸ ಕಲಿಸಿದ್ರು. ರಿಟೈರ್ ಆದ ಮ್ಯಾಲೆ ಮುರಗೋಡ ರಸ್ತೇಕ ಇರೂ ತಮ್ಮ ಹೊಲದಾಗ ತಗಡಿನ ಶೆಡ್ ಹಾಕಿ, ಅದರಾಗ ಇಬ್ಬರು ಕುಂಡ್ರೂವಂಥಾ ಸಣ್ಣ ವಿಮಾನ ಕಟ್ಟಾಕತ್ತಾರ. ಒಂಬತ್ತು ವರ್ಷ ಆತು. ಮಂದಿ ಮೊದ್ಲ ನಕ್ಕರು, ಆಮ್ಯಾಲೆ ನೋಡಾಕ ಬಂದ್ರು, ಆಮ್ಯಾಲೆ ರೂಢಿಯಾಗಿ ಸುಮ್ಮನಾದ್ರು.

ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಾಗಿರಬೇಕು ಅಂತ ನಾ ಸ್ಟೂಲ್ ಒರಸಿದ್ನಿ.

"ಸಾವಕಾರ, ಫೋಟೋ ಬ್ಯಾಡ," ಅಂದ್ರು ಮಾಸ್ತರ್. "ಫ್ಲ್ಯಾಶ್ ಅಷ್ಟ ಬೇಕು."

ಕುಂತು ಸಾವಕಾಶ ಹೇಳಿದ್ರು. ವಿಮಾನದ ಎರಡೂ ರೆಕ್ಕಿ ತುದಿಗೆ ಸೆಕೆಂಡಿಗೊಮ್ಮೆ ಫಕ್ ಅಂತ ಬೆಳಗೂ ಬಿಳೀ ಲೈಟ್ ಇರಬೇಕಂತ. ಅದಕ್ಕ ಸ್ಟ್ರೋಬ್ ಲೈಟ್ ಅಂತಾರಂತ. ದೂರದಿಂದ ಬ್ಯಾರೆ ವಿಮಾನದವ್ರಿಗೆ ಕಾಣಬೇಕಲ್ಲ, ಅದಕ್ಕ. ಪರದೇಶದಿಂದ ತರಸಬೇಕಂದ್ರ ಆ ರೊಕ್ಕದಾಗ ಒಂದು ಜೋಡಿ ಚಲೋ ಎತ್ತ ಬರತಾವಂತ. ಹೋದ ವರ್ಷ ತಪಾಸಣಿಗೆ ಅಂತ ದೂರದಿಂದ ಒಬ್ಬ ಸಾಹೇಬ್ರು ಬಂದು, ಎಲ್ಲಾ ನೋಡಿ, ಎಲ್ಲಾ ಬರೋಬರಿ ಐತಿ, ಲೈಟ್ ಎಲ್ಲಿ ಅಂತ ಕೇಳಿದ್ರಂತ. ಇನ್ನೊಂದ ಸಲ ಬರತೇನಿ, ಆವಾಗೂ ಲೈಟ್ ಇರಲಿಲ್ಲಂದ್ರ ಫೈಲ್ ಮುಚ್ಚತೇನಿ ಅಂತ ಹೇಳಿ ಹೋಗ್ಯಾರ. ಅವ್ರು ಬರಾಕ ಇನ್ನ ಎರಡ ತಿಂಗಳ ಇತ್ತು.

ಫೈಲ್ ಮುಚ್ಚಿದ್ರ ಇನ್ನೊಂದು ಅರ್ಜಿ ಹಾಕಿದ್ರಾತು ಅಂತ ನಾ ಅಂದ್ನಿ.

"ನನಗ ಅರವತ್ತೆಂಟು," ಅಂದ್ರು ಮಾಸ್ತರ್.

ನನಗ ಸಂಕಟ ಆತು. ಒಂಬತ್ತು ವರ್ಷದ ಕೆಲಸ ಎರಡು ದೀಪದ ಸಲುವಾಗಿ ಶೆಡ್ಡಿನ್ಯಾಗ ಕೊಳೀಬಾರದು ಅಂತ ಟ್ರಂಕ್ ಎಳದ್ನಿ. ಹನ್ನೆರಡು ಫ್ಲ್ಯಾಶ್ ಗನ್ ಇದ್ವು. ಒಂದೊಂದಕ್ಕೂ ಸೆಲ್ ಹಾಕಿ ನೋಡಿದ್ವಿ. ಐದರಾಗ ಜೀವ ಇತ್ತು. ಐದನೇದು ಫಕ್ ಅಂದ ಕೂಡ್ಲೆ ಮಾಸ್ತರ್ ಬೆನ್ನು ನೆಟ್ಟಗ ಮಾಡಿ, ತಲಿ ಮ್ಯಾಲೆ ಉಳದಿದ್ದ ನಾಕು ಕೂದಲಾ ಸರಿ ಮಾಡಿಕೊಂಡ್ರು. ಫೋಟೋ ಬ್ಯಾಡ ಅಂದಾವ್ರು.

೨. ನನಗ ಎರಡ ಸಾಕು

ಫ್ಲ್ಯಾಶಿನ ಸ್ವಭಾವ ಏನಂದ್ರ, ಒಮ್ಮೆ ಬೆಳಗಿದ ಮ್ಯಾಲೆ ಮತ್ತ ಕರೆಂಟ್ ತುಂಬಿಕೊಳ್ಳಾಕ ಏಳೆಂಟು ಸೆಕೆಂಡ್ ತಗೋತೈತಿ. ಲಗ್ನದಾಗ ಅದು ತುಂಬೂತನಕಾ ನಾವು ಮದುಮಕ್ಕಳಿಗೆ "ಜರಾ ನಗ್ರಿ" ಅಂತ ಹೇಳಿ ಹೊತ್ತು ಕಳೀತಿದ್ವಿ. ವಿಮಾನಕ್ಕ ಹಂಗ ನಡಿಯೂದಿಲ್ಲ, ಅದಕ್ಕ ಸೆಕೆಂಡಿಗೊಮ್ಮೆ ಬೇಕು. ಮಾಸ್ತರ್ ತಲಿ ಓಡಿಸಿದ್ರು: ಒಂದ ಸಲಕ್ಕ ಪೂರಾ ತುಂಬೂದು ಬ್ಯಾಡ, ಸಣ್ಣ ಕೆಪಾಸಿಟರ್ ಹಾಕಿ ಸ್ವಲ್ಪ ಸ್ವಲ್ಪ ತುಂಬೂನು, ಎರಡು ಟ್ಯೂಬ್ ಪಾಳಿ ಹಚ್ಚಿ ಹೊಡಿಯೂನು. ಬೆಸಗಿ ಹಾಕೂದು ನನ್ನ ಪಾಲಿಗೆ ಬಂತು. ಹಳೇ ಕೆಪಾಸಿಟರ್ ಎರಡು ಸಲ ನನ್ನ ಕೈ ಹಿಡದು ಒಗೀತು. ಎರಡನೇ ಸಲ ನನ್ನ ಬಾಯಿಂದ ಬಂದ ಮಾತು ಇಲ್ಲಿ ಬರಿಯಾಕ ಬರೂದಿಲ್ಲ.

ಎಂಟು ದಿನದಾಗ ಒಂದು ಸೆಟ್ ಕೂಡಿತು. ಅಂಗಡ್ಯಾಗ ಗ್ವಾಡಿ ಕಡೆ ಮಾರಿ ಮಾಡಿ ಹಚ್ಚಿಟ್ಟು, ಎಷ್ಟು ಹೊತ್ತು ತಡೀತೈತಿ ನೋಡೂನು ಅಂತ ನಾನೂ ಮಾಸ್ತರೂ ಒಳಗಿನ ಖೋಲ್ಯಾಗ ಚಾ ಕುಡ್ಯಾಕ ಹ್ವಾದ್ವಿ. ಫಕ್, ಫಕ್, ಫಕ್ ಅಂತ ಅದು ಒಂದ ಸವನ ಹೊಡ್ಯಾಕತ್ತಿತ್ತು. ಹತ್ತು ನಿಮಿಷ ಬಿಟ್ಟು ಹೊರಗ ಬಂದು ನೋಡತೇನಿ, ಸ್ಟೂಲಿನ ಮ್ಯಾಲೆ ಒಬ್ಬಾಕಿ ಮುದುಕಿ ಕುಂತಾಳ. ತಲಿ ಮ್ಯಾಲೆ ಸೆರಗು, ತೊಡಿ ಮ್ಯಾಲೆ ಎರಡೂ ಕೈ, ಕಣ್ಣ ರೆಪ್ಪಿ ಸೈತ ಹೊಡದಿಲ್ಲ.

ಸವದತ್ತಿ ಕಡೆಯಾಕಿ. ಪೆನ್ಶನ್ ಕಾಗದಾ ಜೆರಾಕ್ಸ್ ಮಾಡಸಾಕ ಬಂದು, ಫ್ಲ್ಯಾಶ್ ಕಂಡು, ಫೋಟೋನೂ ಆಗಿಬಿಡ್ಲಿ ಅಂತ ತಾನ ಕುಂತಿದ್ಳು. ಎಷ್ಟು ಹೊತ್ತಾತು ಕುಂತು ಅಂತ ಮಾಸ್ತರ್ ಕೇಳಿದ್ರ, ಆಕಿ ಅವ್ರ ಕಡೆ ನೋಡಲಿಲ್ಲ, ಗ್ವಾಡಿ ನೋಡಕೋತನ ಹೇಳಿದ್ಳು:

"ತಮ್ಮಾ, ಇಷ್ಟ್ಯಾಕ ತಗೀತಿ? ನನಗ ಎರಡ ಸಾಕು."

೩. ಎರಡು ಬಟ್ಟಲ

ಟ್ಯೂಬ್ ಆತು, ಇನ್ನ ಅದರ ಹಿಂದ ಬೆಳಕನ್ನ ಮುಂದಕ್ಕ ದೂಡಾಕ ಹೊಳಿಯೂವಂಥಾದ್ದು ಏನರ ಬೇಕಿತ್ತು. ಎರಡೂ ಒಂದ ಅಳತಿದು, ದುಂಡಗ, ಒಳಗ ಕನ್ನಡಿ ಹಂಗ ಇರಬೇಕು. ನಾ ಮಾತಿಗೆ ಹೇಳಿದ್ನಿ ಅಷ್ಟ. ಮರುದಿವಸ ಮಾಸ್ತರ್ ಜೋಳಗಿಯಿಂದ ಎರಡು ಸ್ಟೀಲ್ ಬಟ್ಟಲ ತಗದ್ರು. ತಳಾ ಕೊರದು ಟ್ಯೂಬ್ ಕೂಡ್ರಸಿದ್ರ ಹೇಳಿ ಮಾಡಿಸಿದಂಗ ಕೂತ್ವು. ಮ್ಯಾಲಿನ ಗಾಜಿಗೆ ಬದಲು ಕಿರಾಣಿ ಅಂಗಡಿ ಪ್ಲಾಸ್ಟಿಕ್ ಬರಣಿ ತಳಾ ಕತ್ತರಿಸಿ ಹಚ್ಚಿದ್ವಿ.

ಆ ಬಟ್ಟಲ ಎಲ್ಲಿವು ಅಂತ ನಾ ಕೇಳಲಿಲ್ಲ, ಅವ್ರು ಹೇಳಲಿಲ್ಲ. ನಾಕು ದಿನದ ಮ್ಯಾಲೆ ಮಾಸ್ತರ್ ಮನಿಗೆ ಹ್ವಾದಾಗ ತಿಳೀತು. ಮಾಸ್ತರ್ ಮನಿಯವ್ರು, ನಾ ಅವ್ರಿಗೆ ವೈನಿ ಅಂತೇನಿ, ಕಟ್ಟಿ ಮ್ಯಾಲೆ ಕುಂತು ಸಿಟ್ಟಿಲೆ ಸೊಪ್ಪು ಸೋಸಾಕತ್ತಿದ್ರು. ಅವ್ರ ಲಗ್ನದಾಗ ಸೋದರಮಾವ ಕೊಟ್ಟ ಜೋಡಿ ಬಟ್ಟಲ ಕಾಣಸವಲ್ವಂತ. ಹೋಳಿಗಿ ಮಾಡಿದ ದಿವಸ ಬಾಜೂ ಹೊಲದ ಕಾಕು ಮನಿಗೆ ಕಟ್ಟಿನ ಸಾರು ಹಾಕಿ ಕಳಿಸಿದ್ದು ನೆನಪೈತಂತ, ತಿರುಗಿ ಬಂದದ್ದು ನೆನಪಿಲ್ಲಂತ. ಹಂಗಂದ್ರ ಕಾಕುನ ಇಟಗೊಂಡಾಳ. ಮೂರು ದಿನದಿಂದ ಇಬ್ಬರಿಗೂ ಮಾತಿಲ್ಲ.

ನಾ ಮಾಸ್ತರ್ ಕಡೆ ನೋಡಿದ್ನಿ. ಮಾಸ್ತರ್ ಮ್ಯಾಲೆ ಮುಗಲ ನೋಡಿದ್ರು.

ಹೇಳಿಬಿಡ್ರಿ ಅಂತ ದಾರ್ಯಾಗ ಬಡಕೊಂಡ್ನಿ. ಅವ್ರು ಸಾಹೇಬ್ರು ಬಂದು ಹೋಗೂತನಕಾ ತಡೀರಿ ಅಂದ್ರು. ಈಗ ಹೇಳಿದ್ರ ಬಟ್ಟಲ ವಾಪಸ ಬೇಕಂತಾಳ, ತಳಾ ಕೊರದದ್ದು ಕಂಡ್ರ ನನ್ನ ಕೊರೀತಾಳ ಅಂತ ಅವ್ರ ಅಂಜಿಕಿ. ಆ ಕಡೆ ಕಾಕುಗೆ ಈ ಮಾತು ಮುಟ್ಟಿ, ಆಕಿ ರೋಷಕ್ಕ ಬಿದ್ದು, ತಗೋ ನಿನ್ನ ಬಟ್ಟಲ ಅಂತ ನಾಕು ಬಟ್ಟಲ ಕಳಿಸಿದ್ಳು. ಬಟ್ಟಲದ ಮ್ಯಾಲೆ ಚುಕ್ಕಿ ಹೊಡದು ಹೆಸರು ಹಾಕಸಿರತಾರ ನೋಡ್ರಿ. ವೈನಿ ಚಸ್ಮಾ ಹಾಕ್ಕೊಂಡು ಓದಿದ್ರು. ನಾಕರಾಗ ಒಂದರ ಮ್ಯಾಲೂ ವೈನಿ ಹೆಸರಿಲ್ಲ. ಕಾಕು ಹೆಸರೂ ಇಲ್ಲ.

೪. ಕಬ್ಬಿನ ಪಾಳಿ

ಲೈಟ್ ಹೊತ್ತಿದ್ರ ಸಾಲದು, ವಿಮಾನದ ನಡುಗಾಟಕ್ಕ ತಡೀಬೇಕು ಅಂದ್ರು ಮಾಸ್ತರ್. ನಡುಗಾಟ ಎಲ್ಲಿಂದ ತರೂದು? ನಮ್ಮ ರಸ್ತಾ ಅದಾವಲ್ಲ. ಬಾಜೂ ಹೊಲದ ಕಾಕಾ, ಅಂದ್ರ ಆ ಕಾಕು ಗಂಡ, ಎಂ.ಕೆ. ಹುಬ್ಬಳ್ಳಿ ಸಕ್ಕರಿ ಫ್ಯಾಕ್ಟರಿಗೆ ಟ್ರ್ಯಾಕ್ಟರಿನ್ಯಾಗ ಕಬ್ಬು ಹೊಡೀತಾರ. ಹೆಂಗಸರ ಜಗಳ ಹೆಂಗಸರಿಗೆ ಬಿಟ್ಟು, ಕಾಕಾ ತಮ್ಮ ಟ್ರ್ಯಾಕ್ಟರಿನ ಚಾವಣಿ ಟಪ್ಪಿನ ಮ್ಯಾಲೆ ಲೈಟ್ ಕಟ್ಟಾಕ ಒಪ್ಪಿದ್ರು. ಮುಂಜಾನೆ ಹಚ್ಚಿ ಕಳಿಸಿದ್ವಿ.

ಕಬ್ಬಿನ ಪಾಳಿ ಅಂದ್ರ ನಿಮಗ ಗೊತ್ತಿರಬೇಕು. ಇವತ್ತ ನಿಂತ್ರ ನಾಳೆ ಮಧ್ಯಾಹ್ನಕ್ಕ ತೂಕದ ಕಾಟಾ ಕಾಣತೈತಿ. ಡ್ರೈವರ್‌ಗಳು ಟ್ರ್ಯಾಕ್ಟರ್ ಬುಡಕ ಹಾಸಿಗಿ ಹಾಸಿರತಾರ. ಕಾಕಾ ಪಾಳಿ ಕೊನೀಗೆ ಹೋಗಿ ನಿಂತಾರ, ಮುಂದಿನಾವ ಹೊಳ್ಳಿ ನೋಡ್ಯಾನ. ಟಪ್ಪಿನ ಮ್ಯಾಲೆ ಬಿಳೀ ಬೆಳಕು ಫಕ್ ಫಕ್. ಯಾವ ಸಾಹೇಬ್ರ ಗಾಡಿನೋ ಏನೋ ಅಂತ ಅಂವ ಬಾಜೂಕ ಸರದಾನ. ಅವನ್ನ ನೋಡಿ ಅವನ ಮುಂದಿನಾವ. ಕಾಕಾ ಯಾರಿಗೂ ಒಂದು ಮಾತ ಹೇಳಿಲ್ಲ, ಸುಮ್ಮ ಗೇರ್ ಹಾಕಿ ನಡದಾರ. ಮಧ್ಯಾಹ್ನ ಊಟಕ್ಕ ಮನ್ಯಾಗ ಇದ್ರು. ಕಾಕುಗೆ ಗಾಬರಿ, ಕಬ್ಬು ಎಲ್ಲೆರ ಚೆಲ್ಲಿ ಬಂದಾರೇನೋ ಅಂತ.

ಲೈಟಿಗೆ ಏನೂ ಆಗಿರಲಿಲ್ಲ. ಒಂದು ಸ್ಕ್ರೂ ಸೈತ ಸಡಲಾಗಿರಲಿಲ್ಲ. ನನಗೂ ಮಾಸ್ತರ್‌ಗೂ ಅರ್ಧ ಜೀವ ಬಂದಂಗಾತು. ಮರುದಿವಸ ಅಂಗಡಿ ಬಾಗಲಾ ತಗಿಯೂದರಾಗ ಆರು ಮಂದಿ ಟ್ರ್ಯಾಕ್ಟರ್ ಡ್ರೈವರ್ ನಿಂತಿದ್ರು. ಅಂಥಾದ್ದ ಲೈಟ್ ಬೇಕಂತ. ಆರೂ ಮಂದಿ ಹಾಕ್ಕೊಂಡ್ರ ಮತ್ತ ಯಾರು ಯಾರಿಗೆ ಸರೀಬೇಕು ಅಂತ ಕೇಳಿದ್ನಿ. ಒಬ್ಬಾವ ಯೋಚನಿ ಮಾಡಿ ಹೇಳಿದ: "ಹಂಗಾದ್ರ ಐದು ಮಂದಿಗೆ ಕೊಡಬ್ಯಾಡ್ರಿ."

೫. ಎಡಾ ಬಲಾ

ಇದು ನಂದ ತಪ್ಪು, ಒಪ್ಪಿಕೋತೇನಿ. ಬಿಳೀದರ ಬಾಜೂಕ ಎಡಕ್ಕೊಂದು ಕೆಂಪು, ಬಲಕ್ಕೊಂದು ಹಸರು ಲೈಟೂ ಬೇಕು ಅಂದಿದ್ರು ಮಾಸ್ತರ್. ನಾ ವಿಮಾನದ ಮುಂದ ನಿಂತು ಬರೋಬರಿ ಹಚ್ಚಿ, ಕೈ ಒರಸಿಕೊಂಡು, ನೋಡ್ರಿ ಅಂದ್ನಿ. ಮಾಸ್ತರ್ ಮಾರಿ ಬಿಳಚಿಕೊಂಡಿತು. ಅದಲಾಬದಲಿ ಆಗಿತ್ತು. ನಾ ಒಪ್ಪವಲ್ಲೆ. ಎಡಕ್ಕ ಕೆಂಪು ಹಚ್ಚೇನಿ, ನೀವ ನೋಡ್ರಿ ಅಂತ ವಾದಾ ಮಾಡಿದ್ನಿ.

ಬದುವಿನ ಮ್ಯಾಲೆ ಎತ್ತು ಹೊಡಕೊಂಡು ಹೊಂಟಿದ್ದ ಕಾಕಾ ನಿಂತು ಕೇಳಿ ನಕ್ಕರು. ಎಡಗೋಲೆತ್ತು ಯಾವುದು ಅಂತ ಎತ್ತಿನ ಹಿಂದ ನಿಂತಾವ ಹೇಳತಾನ, ಎದುರಿಗೆ ನಿಂತಾವ ಅಲ್ಲ ಅಂದ್ರು. ಮೂವತ್ತೈದು ವರ್ಷ ನಾ ಮಂದಿ ಎದುರಿಗೇ ನಿಂತು ಎಡಕ್ಕ ಸರೀರಿ, ಬಲಕ್ಕ ಸರೀರಿ ಅಂತ ನನ್ನ ಕೈ ಪ್ರಕಾರ ಹೇಳಿದಾವ. ಲಗ್ನದಾಗ ಮಂದಿ ಯಾಕ ಯಾವಾಗಲೂ ಉಲ್ಟಾ ಸರೀತಿದ್ರು ಅಂತ ಆವತ್ತ ತಿಳೀತು.

೬. ಹಳದಿ ಬೆಳಕು

ಸಾಹೇಬ್ರು ಬರಾಕ ಮೂರು ವಾರ ಇದ್ದಾಗ ಲೈಟಿನ ಬಣ್ಣ ಕೆಟ್ಟಿತು. ಬೆಳ್ಳಗ ಹೊಡಿಯೂ ಬೆಳಕು ಹಳದಿ ಆತು. ಟ್ಯೂಬ್ ಮುದಿ ಆಗಿರಬೇಕು ಅಂತ ನಾ ತಿಳದ್ನಿ. ರಾಮದುರ್ಗದಾಗ ನನ್ನಂಗ ಸ್ಟುಡಿಯೋ ಮುಚ್ಚಿದ ಗೆಳೆಯ ಒಬ್ಬಾವ ಅದಾನ. ಬಸ್ ಹತ್ತಿ ಹೋಗಿ, ಅವನ ಹಳೇ ಫ್ಲ್ಯಾಶ್ ಎಲ್ಲಾ ಹೊತಗೊಂಡು ಬಂದ್ನಿ. ಬರಣಿ ತಳದ ಮುಚ್ಚಳಾ ಬಿಚ್ಚಿ, ಮ್ಯಾಲಿಂದು ಜಿಡ್ಡು ಧೂಳಾ ಅಂತ ತಿಳದು ಒರಸಿ, ಟ್ಯೂಬ್ ಬದಲು ಮಾಡಿದ್ನಿ. ಬೆಳ್ಳಗಾತು. ಮುಂದಿನ ಬುಧವಾರ ಹೋಗಿ ನೋಡಿದ್ರ ಮತ್ತ ಹಳದಿ.

ಕೆಪಾಸಿಟರ್ ಬದಲು ಮಾಡಿದ್ನಿ, ವೈರ್ ಬದಲು ಮಾಡಿದ್ನಿ. ಮಾಸ್ತರ್ ವಾಯುಪಡೆಯಾಗ ಕಲಿತಿದ್ದು ಎಲ್ಲಾ ನೆನಪು ಮಾಡಿಕೊಂಡು ಹಾಳಿ ತುಂಬ ಲೆಕ್ಕಾ ಬರದ್ರು. ನನಗಂತೂ ನಿದ್ದಿ ಹತ್ತಲಾರದಂಗಾತು. ಬಿಳೀ ಇರಲಿಲ್ಲಂದ್ರ ಫೈಲ್ ಮುಚ್ಚತಾರ ಅನ್ನೂದು ಒಂದ ತಲ್ಯಾಗ. ಪ್ರತಿ ಸಲಾನೂ ಬುಧವಾರನ ಹಳದಿ ಕಾಣತಿತ್ತು, ಅದಕ್ಕ ಕಡೀಕ ಒಂದು ಮಂಗಳವಾರ ಏನಾಗತೈತಿ ನೋಡೇಬಿಡೂನು ಅಂತ ಶೆಡ್ಡಿನ್ಯಾಗ ಒಂದು ಮೂಲಿಗೆ ಕುಂತ್ನಿ.

ಹನ್ನೊಂದಕ್ಕ ವೈನಿ ಬಂದ್ರು. ಕೈಯಾಗ ಭಂಡಾರದ ಡಬ್ಬಿ, ಅಂದ್ರ ದೇವರ ಅರಿಷಿಣಾ. ಉಗರಗೋಳದಾಗ ಅವ್ರ ತಂಗಿ ಅದಾಳ, ಗುಡ್ಡದಿಂದ ಎಲ್ಲವ್ವನ ಭಂಡಾರ ವಾರ ವಾರ ಕಳಸತಾಳ. ವೈನಿ ಎಣ್ಣಿಯಾಗ ಕಲಸಿ, ವಿಮಾನದ ಮೂಗಿಗೆ ಒಂದು ಹಚ್ಚಿದ್ರು. ಆಮ್ಯಾಲೆ ಆ ರೆಕ್ಕಿ ತುದಿಗೆ ಒಂದು, ಈ ರೆಕ್ಕಿ ತುದಿಗೆ ಒಂದು, ಮುಚ್ಚಳದ ತುಂಬ, ದಪ್ಪಗ. ವಿಮಾನದ ಕಣ್ಣು ಅವು ಅಂತ ಅವ್ರ ಲೆಕ್ಕ. ಹೊಸಾ ಗಾಡಿಗೆ ಹಚ್ಚಬೇಕಲ್ಲ, ಈ ಮನಿಗೆ ಬಂದ ಸೈಕಲ್‌ದಿಂದ ಹಿಡದು ಎಲ್ಲಾದಕ್ಕೂ ಹಚ್ಚೇನಿ ಅಂದ್ರು.

ನನಗ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಕುಂತಲ್ಲೇ ನಕ್ನಿ. ಲೈಟಿನ್ಯಾಗ ದೋಷ ಇಲ್ಲ ಅನ್ನೂದು ಅಷ್ಟು ಹಗುರ ಮಾಡಿತು. ವೈನಿ, ಚಕ್ಕರಕ್ಕ ಎಷ್ಟ ಬೇಕಾದ್ರೂ ಹಚ್ಚ್ರಿ, ಇವಕ್ಕ ಬ್ಯಾಡ, ಸಾಹೇಬ್ರಿಗೆ ಬಿಳೀ ಬೆಳಕ ಬೇಕು ಅಂತ ಕೈ ಮುಗದ್ನಿ. ವೈನಿ ವಿಚಾರ ಮಾಡಿ ಹೇಳಿದ್ರು: "ಹಂಗಾದ್ರ ಸಾಹೇಬ್ರಿಗೇ ಹಚ್ಚತೇನಿ ಬಿಡ್ರಿ."

೭. ಸಾಹೇಬ್ರು ಬಂದ ದಿವಸ

ಹಚ್ಚೇಬಿಟ್ರು. ಸಾಹೇಬ್ರು ಮುಂಜಾನೆ ಹತ್ತಕ್ಕ ಕಾರ್ ಇಳದು ಶೆಡ್ಡಿನ ಕಡೆ ಎರಡು ಹೆಜ್ಜಿ ಇಡೂದರಾಗ ವೈನಿ ಹಣಿ ತುಂಬ ಭಂಡಾರ ಬಳದ್ರು. ಉತ್ತರದ ಕಡೆಯವ್ರು, ಕನ್ನಡ ಬರೂದಿಲ್ಲ, ಹಿಂದಿ ಅಷ್ಟ. ಕೋಟ್ ಹಾಕ್ಕೊಂಡು ಬಂದಿದ್ರು. ಮಾರಿ ಮ್ಯಾಲೆ ನಗಿ ಇಲ್ಲ, ಮಾತೂ ಇಲ್ಲ. ಕೈಯಾಗ ಒಂದು ಫೈಲು.

ಸಾಹೇಬ್ರು ಮೊದ್ಲ ಲೈಟ ನೋಡಿದ್ರು. ಬಲ ರೆಕ್ಕಿ ತುದಿ ಬಿಚ್ಚಸಿ, ಹಿಂದ ಮುಂದ ಹೊಳ್ಳಿಸಿ, ಬಟ್ಟಲದ ಮ್ಯಾಲಿನ ಚುಕ್ಕಿ ಅಕ್ಷರದ ಮ್ಯಾಲೆ ಬೆರಳಿಟ್ರು. ತಯಾರಿಸಿದ ಕಂಪನಿ ಹೆಸರು ಅಂತ ಅವ್ರು ತಿಳಕೊಂಡ್ರು. ಏನು ಬರದೈತಿ ಓದ್ರಿ ಅಂದ್ರು. ಮಾಸ್ತರ್‌ಗೆ ಸುಳ್ಳು ಹೇಳಾಕ ಬರೂದಿಲ್ಲ, ಅದ ಅವ್ರ ರೋಗ. ಸೋದರಮಾವನಿಂದ ಲಗ್ನದ ಕಾಣಿಕಿ ಅಂತ ಬರದೈತಿ ಅಂತ ಹಿಂದಿಯಾಗ ಹೇಳಿದ್ರು. ಸಾಹೇಬ್ರು ಕನ್ನಡಕದ ಮ್ಯಾಲಿಂದ ನೋಡಿದ್ರು, ಏನೋ ಬರಕೊಂಡ್ರು.

ಸಾಹೇಬ್ರು ಬಾಯಿ ತಗಿಯೂದಕ್ಕಿಂತ ಮೊದ್ಲ, ಬಟ್ಟಲದ ಗುರ್ತು ಹಿಡದ ವೈನಿ ಮಾತಾಡಿದ್ರು. "ಅದು ನನ್ನ ಬಟ್ಟಲ," ಅಂದ್ರು, ಭಾಳ ಸಣ್ಣ ದನಿಲೆ.

ಅಲ್ಲೇ ಮಂದ್ಯಾಗ ಕಾಕು ನಿಂತಿದ್ಳು. ಒಂದೂವರಿ ತಿಂಗಳಿಂದ ಕಳ್ಳಿ ಅನಿಸಿಕೊಂಡಾಕಿ. ಇನ್ನ ಇಲ್ಲಿ ಏನಾಗತೈತೋ ಅಂತ ನಾ ಕಣ್ಣು ಮುಚ್ಚಿದ್ನಿ. ವೈನಿ ಸೀದಾ ಹೋಗಿ ಕಾಕು ಕೈ ಹಿಡದ್ರು. ತಪ್ಪಾತು ಅಂದ್ರು. ಕಾಕು ಸೆರಗಿಲೆ ಕಣ್ಣು ಒರಸಿಕೊಂಡು, ಇರಲಿ ಬಿಡವ್ವ, ಗಂಡಸರ ಕೈಯಾಗ ಬಟ್ಟಲ ಕೊಟ್ರ ಇಮಾನಕ್ಕ ಹಚ್ಚತಾವು ಅಂದ್ಳು.

ಇನ್ನ ಕಡೀ ಪರೀಕ್ಷಾ ಒಂದ ಉಳದಿತ್ತು. ಲೈಟ್ ಹಚ್ಚಿ, ಇಂಜಿನ್ ಚಾಲೂ ಮಾಡಿ, ಕೆಂಪು ಮಸಾರಿ ಹೊಲದಾಗ ಮಾಡಿದ ನೇರ ಪಟ್ಟಿ ಮ್ಯಾಲೆ ಆ ತುದಿತನಕಾ ಓಡಿಸಿ ತೋರಿಸಬೇಕು. ಹಾರೂದಲ್ಲ, ಬರೇ ಓಡೂದು. ಸುದ್ದಿ ಹಬ್ಬಿ ಮುರಗೋಡದಿಂದೆಲ್ಲಾ ಮಂದಿ ಬಂದಿದ್ರು, ನಲವತ್ತಕ್ಕ ಕಡಿಮಿ ಇರಲಿಲ್ಲ. ಎರಡೂ ಕಡೆ ಬದುವಿನ ಮ್ಯಾಲೆ ಶಿಸ್ತಿಲೆ ನಿಂತಿದ್ರು. ಮಾಸ್ತರ್ ಒಳಗ ಕುಂತು ಬೆಲ್ಟ್ ಕಟಗೊಂಡ್ರು. ಇಂಜಿನ್ ಗುಡುಗಿತು. ಮಾಸ್ತರ್ ಲೈಟ್ ಹಚ್ಚಿದ್ರು. ಎರಡೂ ಕಡೆ ಫಕ್, ಫಕ್, ಹಾಲಿನಂಥಾ ಬಿಳೀ ಬೆಳಕು.

ಅಷ್ಟ ಆತು ನೋಡ್ರಿ. ಫ್ಲ್ಯಾಶ್ ಹೊಡದ ಕೂಡ್ಲೆ ಬದುವಿನ ಮ್ಯಾಲಿನ ಮಂದಿ ಎಲ್ಲಾ ಇಳದು ವಿಮಾನದ ಮುಂದ ಬಂದ್ರು. ಯಾರೂ ಕರದಿಲ್ಲ. ಎತ್ತರದವ್ರು ಹಿಂದ, ಹೆಂಗಸರು ನಡುವ, ಹುಡುಗರು ಮುಂದ ಕುಂತು, ಪಟ್ಟಿ ಅಡ್ಡಗಟ್ಟಿ ಸಾಲ ಹಿಡದ್ರು. ಕಾಕಾ ರುಮಾಲಾ ಸರಿ ಮಾಡಿಕೊಂಡ್ರು. ವೈನಿ ಕಾಕು ಭುಜಕ್ಕ ಭುಜ ಹಚ್ಚಿ ನಿಂತ್ರು. ಯಾರೂ ಉಸರ ಬಿಡವಲ್ರು. ಮಾಸ್ತರ್ ಒಳಗಿಂದ ಎರಡೂ ಕೈಲೆ ಸರೀರಿ ಸರೀರಿ ಅಂತ ಸನ್ನಿ ಮಾಡಿದ್ರು. ಸಾಲ ಇನ್ನಷ್ಟು ಒತ್ತೊತ್ತಾಗಿ ಸರದು ನಿಂತಿತು.

ವಿಮಾನದ ಮೂಗಿನ್ಯಾಗ ಪಂಖಾ ತಿರುಗಾಕತ್ತೈತಿ. ಇಂಜಿನ್ ಕಾಯಾಕತ್ತೈತಿ, ಹಿಂಗ ನಿಂತ ಜಾಗಾದಾಗ ಭಾಳ ಹೊತ್ತು ಬಿಡಾಕ ಬರೂದಿಲ್ಲ, ಬಂದ್ ಮಾಡಿದ್ರ ಪರೀಕ್ಷಾ ಹೋತು. ಸಾಹೇಬ್ರು ಹಿಂದಿಯಾಗ ಹಟೋ ಹಟೋ ಅಂದ್ರು. ಯಾರೂ ಅಲಗ್ಯಾಡಲಿಲ್ಲ. ಗದ್ದಲದಾಗ ನನ್ನ ದನಿ ನನಗ ಕೇಳವಲ್ದು. ಮಾಸ್ತರ್ ನನ್ನ ಕಡೆ ನೋಡಿದ್ರು. ಆ ಮಾರಿ ನಾ ಸಾಯೂತನಕಾ ಮರಿಯೂದಿಲ್ಲ.

ಆವಾಗ ನನಗ ಹೊಳೀತು. ಫೋಟೋದಾವ ಆತು ಅನ್ನೂತನಕಾ ಈ ಮಂದಿ ಕದಲೂದಿಲ್ಲ, ಮೂವತ್ತೈದು ವರ್ಷ ನಾನ ಅವ್ರಿಗೆ ಕಲಿಸಿದ ಪಾಠ ಅದು. ಓಡಿ ಹೋಗಿ, ಪಂಖಾದಿಂದ ದೂರ, ಸಾಲಿನ ಎದುರಿಗೆ ನಿಂತ್ನಿ. ಕೈಯಾಗ ಏನೂ ಇಲ್ಲ. ಗಂಟಲಾ ಹರಕೊಂಡು ಒದರಿದ್ನಿ:

"ಎಲ್ಲಾರೂ ಇಲ್ಲಿ ನೋಡ್ರಿ. ಕಣ್ಣು ಮುಚ್ಚಬ್ಯಾಡ್ರಿ. ಜರಾ ನಗ್ರಿ."

ನಲವತ್ತು ಮಂದಿ ಒಮ್ಮೆಲೆ ನಕ್ಕರು. ಎಂಟು ವರ್ಷ ಆಗಿತ್ತು ನನ್ನ ಮುಂದ ಮಂದಿ ಹಂಗ ನಿಂತು. ಖರೇ ಹೇಳತೇನಿ, ನನಗ ಕಣ್ಣಾಗ ನೀರು ಬಂದ್ವು. ಕೈ ಎತ್ತಿದ್ನಿ, ಫ್ಲ್ಯಾಶ್ ಫಕ್ ಅಂತು, ಕೈ ಇಳಸಿದ್ನಿ. "ಬಂತ್ರಿ, ಭಾಳ ಚಲೋ ಬಂತು," ಅಂದ್ನಿ. ಎಲ್ಲಾರೂ ಉಸರ ಬಿಟ್ಟು, ಮಾತಾಡಕೋತ, ತಮ್ಮಷ್ಟಕ್ಕ ತಾವ ಬದುವ ಏರಿದ್ರು. ಪಟ್ಟಿ ಖಾಲಿ ಆತು. ಸಾಲಿನ ತುದಿಗೆ ಸಾಹೇಬ್ರು ಒಬ್ಬರ ಉಳದಿದ್ರು, ಕೋಟಿನ ಗುಂಡಿ ಎಲ್ಲಾ ಹಾಕ್ಕೊಂಡು ನೆಟ್ಟಗ. ಮಂದೀನ್ನ ಸರಸಾಕ ಬಂದಿರಬೇಕು ಅಂತ ನಾ ತಿಳದ್ನಿ. ಅವ್ರೂ ಸರದ್ರು. ಮಾಸ್ತರ್ ವಿಮಾನ ಬಿಟ್ರು. ಆ ತುದಿತನಕಾ ಬಾಣ ಬಿಟ್ಟಂಗ ಓಡಿ, ಹೊಳ್ಳಿ ಬಂತು. ಎರಡೂ ಲೈಟ್ ಒಂದ ಸಲಾನೂ ತಪ್ಪಲಿಲ್ಲ.

ಸಾಹೇಬ್ರು ಚಲೋ ಅನ್ನಲಿಲ್ಲ, ಕೆಟ್ಟ ಅನ್ನಲಿಲ್ಲ. ನನ್ನ ಅಂಗಡಿ ನಂಬರೂ ಬರಕೊಂಡು, ತಿಳಸತೇನಿ ಅಂದು, ಫೈಲ್ ತಗೊಂಡು ಹ್ವಾದ್ರು.

ಆಮ್ಯಾಲೆ ಹತ್ತು ದಿನ ಅಂದ್ರ ಹತ್ತು ಯುಗ. ಮಾಸ್ತರ್ ದಿನಾ ಬಂದು ನನ್ನ ಅಂಗಡ್ಯಾಗ ಸ್ಟೂಲಿನ ಮ್ಯಾಲೆ ಕುಂಡ್ರತಿದ್ರು. ಬಟ್ಟಲದ ಹೆಸರು ಓದಿ ಹೇಳಬಾರದಿತ್ತು ಅಂತ ಅವ್ರು, ಮಂದಿನ್ನ ದೂರ ನಿಲ್ಲಸಬೇಕಿತ್ತು ಅಂತ ನಾನು. ಇದರ ನಡುವ ಮುರಗೋಡದವ್ರು ಒಬ್ಬೊಬ್ಬರ ಬಂದು ತಮ್ಮ ಫೋಟೋ ಪ್ರತಿ ಕೇಳಾಕತ್ತಿದ್ರು. ಏನು ಹೇಳಲಿ? ಹಳೇ ರೂಢಿ, ತೊಳ್ಯಾಕ ಬೆಳಗಾವಿಗೆ ಕಳಿಸೇನಿ ಅಂತಿದ್ನಿ.

ಹನ್ನೊಂದನೇ ದಿವಸ ಅಂಗಡಿ ಫೋನಿಗೆ ಸಾಹೇಬ್ರ ಫೋನ್ ಬಂತು. ಮಾಸ್ತರ್ ನೀವ ಮಾತಾಡ್ರಿ ಅಂತ ಫೋನ್ ನನ್ನ ಕಡೆ ನೂಕಿದ್ರು. ಸಾಹೇಬ್ರು ಹಿಂದಿಯಾಗ ಹೇಳಿದ್ರು: ಲೈಟ್ ಪಾಸ್, ವಿಮಾನ ಪಾಸ್, ಹಾರಿಸಾಕ ಪರವಾನಗಿ ಕಾಗದಾ ನಿನ್ನೆ ಹಾಕೇನಿ. ನಾ ಮಾಸ್ತರ್‌ಗೆ ಬರೇ ತಲಿ ಅಲ್ಲಾಡಿಸಿದ್ನಿ. ಅವ್ರು ಎರಡೂ ಕೈಯಾಗ ಮಾರಿ ಮುಚ್ಚಿಕೊಂಡು ಸಣ್ಣ ಹುಡುಗನ ಗತೆ ಅತ್ರು. ಎದಿ ಮ್ಯಾಲಿನ ಬಂಡಿ ಇಳದಂಗಾತು ನನಗೂ.

ಸಾಹೇಬ್ರು ಇನ್ನೂ ಫೋನ್ ಇಟ್ಟಿರಲಿಲ್ಲ. ಸ್ವಲ್ಪ ಕೆಮ್ಮಿದ್ರು. ಆಮ್ಯಾಲೆ ಭಿಡೆಲೆ ಕೇಳಿದ್ರು, ಆವತ್ತಿನ ಫೋಟೋ ಯಾವಾಗ ಸಿಗತೈತಿ, ನಾನೂ ಸಾಲಿನ್ಯಾಗ ನಿಂತಿದ್ನಲ್ಲ.

ಫೋಟೋ ಇಲ್ಲ, ಕ್ಯಾಮೆರಾನ ಇರಲಿಲ್ಲ ಅಂತ ಇಂಥಾ ದಿವಸ ಅವ್ರಿಗೆ ಹೆಂಗ ಹೇಳೂದು? ಸ್ಟುಡಿಯೋದವನ ನಾಲಿಗಿ ತಾನ ಓಡಿತು.

"ಸಾಹೇಬ್ರ, ಎಲ್ಲಾರದೂ ಚಲೋ ಬಂದೈತಿ. ನಿಮ್ಮೊಬ್ಬರದ ಕಣ್ಣು ಮುಚ್ಯಾವು. ವಿಮಾನ ಹಾರೂ ದಿವಸ ಬರ್ರಿ, ಇನ್ನೊಂದು ತಗೀತೇನಿ."

ಸಾಹೇಬ್ರು ದೊಡ್ಡದೊಂದು ಉಸರ ಬಿಟ್ಟು ಹೇಳಿದ್ರು, "ನನಗ ಗೊತ್ತಿತ್ತು. ನನ್ನ ಲಗ್ನದ ಫೋಟೋದಾಗೂ ಮುಚ್ಯಾವು."